ಆರರಲ್ಲೊಂದು ಪಾಲು ನಿಧಾನ

ಮಗ ತನ್ನ ಉಳಿತಾಯದ ದುಡ್ಡಿನಲ್ಲಿ ಹೊಸ ಮಾನಿಟರ್ ತಂದ ಸಂಜೆ ನಮ್ಮ ಹಾಲಿನ ತುಂಬ ಥರ್ಮಾಕೋಲ್ ಚೂರು. ತಂತಿಗಳನ್ನೆಲ್ಲ ಸಿಕ್ಕಿಸಿ, ಬೆವರು ಒರೆಸಿಕೊಂಡು, ‘ಅಪ್ಪಾ, 144!’ ಎಂದ. ನನ್ನ ತಲೆಮಾರಿನವರಿಗೆ 144 ಎಂದರೆ ನೆನಪಾಗುವುದು ನಿಷೇಧಾಜ್ಞೆ. ನಾಲ್ಕಕ್ಕಿಂತ ಹೆಚ್ಚು ಜನ ಗುಂಪು ಸೇರಬಾರದೆಂದು ಜೀಪಿಗೆ ಮೈಕು ಕಟ್ಟಿ ಸಾರಿಕೊಂಡು ಹೋಗುತ್ತಿದ್ದರು. ಇದು ಹರ್ಟ್ಸ್ ಅಂತೆ. ಈ ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ, ಹಳೆಯದು 60 ಸಲ ಮಾತ್ರ ಎಂದು ವಿವರಿಸಿದ. ಇಷ್ಟು ದಿನ ಆ 60ರಲ್ಲಿ ಈ ಹುಡುಗ ಹೇಗೆ ಕಾಲ ಹಾಕಿದನೋ ಎಂದು ಮರುಕ ಹುಟ್ಟುವಂತಿತ್ತು ಅವನ ಮುಖ.

‘ವ್ಯತ್ಯಾಸ ಕಾಣುತ್ತಾ?’

‘ಕಾಣುತ್ತೆ ಕಾಣುತ್ತೆ’ ಎಂದೆ. ಅಪ್ಪಂದಿರು ಹಾಗೆನ್ನಬೇಕು. ಆದರೆ ಎರಡು ಸಲ ಹೇಳಿದ್ದರಿಂದ ಅವನಿಗೆ ಅನುಮಾನ ಬಂತು. ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಗುಟ್ಟಾಗಿ ಒಮ್ಮೆ 60ಕ್ಕೆ ಒಮ್ಮೆ 144ಕ್ಕೆ ಇಟ್ಟು, ಹತ್ತು ಸಲ ಪರೀಕ್ಷೆ ಮಾಡಿದ. ಕುದುರೆಯ ಮೇಲೆ ಕೂತವನೊಬ್ಬ ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದ. ನಾನು ಕುದುರೆಯ ಬಾಲ ನೋಡಿದೆ, ಮೋಡ ನೋಡಿದೆ, ಕೊನೆಗೆ ಮಗನ ಮುಖ ನೋಡಿ ಉತ್ತರ ಹೇಳಿದೆ. ಹತ್ತಕ್ಕೆ ಆರು ಸರಿ. ‘ನಾಣ್ಯ ಚಿಮ್ಮಿದ್ದರೂ ಐದು ಬರ್ತಿತ್ತು’ ಎಂದ, ಬೇಸರದಿಂದಲ್ಲ, ವೈದ್ಯರು ವರದಿ ಓದುವ ಧಾಟಿಯಲ್ಲಿ. ಆಮೇಲೆ ಅವನ ಸರದಿ. ನನ್ನ ಹೆಂಡತಿ ಗುಂಡಿ ಬದಲಿಸಿದಳು, ಅವನು ಆಡುತ್ತಲೇ ಉತ್ತರಿಸಿದ. ಹತ್ತಕ್ಕೆ ಹತ್ತು! ಸುಮ್ಮನಿರಲಾರದೆ ನಾನೊಂದು ಕಿತಾಪತಿ ಮಾಡಿದೆ: ಮೌಸನ್ನು ಅವನ ಕೈಯಿಂದ ತೆಗೆದುಕೊಂಡು, ನಾನೇ ಕುದುರೆ ಓಡಿಸುತ್ತ, ನೀನು ಬರೀ ನೋಡು ಎಂದೆ. ಈಗ ತಡವರಿಸಿದ. ಏಳು ಸರಿ, ಮೂರು ತಪ್ಪು. ತನ್ನ ಕಣ್ಣು ಚುರುಕು ಎಂದು ಅವನು ಜಂಬಪಟ್ಟದ್ದು ನಿಜವಾಗಿ ಕೈಯ ಚುರುಕು ಎಂದು ನನಗೆ ಅಂದೇ ಅನಿಸಿತು. ಹೇಳಲಿಲ್ಲ.

ಹೇಳದಿರುವುದು ನಮ್ಮ ಮನೆತನದ ರೂಢಿ. ನಮ್ಮಪ್ಪನಿಗೆ ಕಾಫಿಯಲ್ಲಿ ಚಿಕೋರಿ ಎಂದರೆ ಆಗುತ್ತಿರಲಿಲ್ಲ. ಒಂದು ಚಿಟಿಕೆ ಬಿದ್ದರೂ ನಾಲಿಗೆ ಹೇಳುತ್ತದೆ ಎನ್ನುತ್ತಿದ್ದರು. ತಿಂಗಳ ಕೊನೆಯಲ್ಲಿ ಅಮ್ಮ ಡಬ್ಬಿಗೆ ಚಿಕೋರಿ ಬೆರೆಸುತ್ತಿದ್ದಳು. ಅಪ್ಪ ಮೊದಲ ಗುಟುಕು ಹೀರಿ, ಕಣ್ಣು ಮುಚ್ಚಿ, ‘ಶುದ್ಧವಾಗಿದೆ’ ಎಂದು ತೀರ್ಪು ಕೊಡುವಾಗ ಅಮ್ಮ ಒಲೆಯ ಕಡೆ ತಿರುಗಿಕೊಂಡಿರುತ್ತಿದ್ದಳು. ಅವಳ ಬೆನ್ನು ನಗುವುದು ನಮಗೆ ಮಾತ್ರ ಕಾಣುತ್ತಿತ್ತು.

ಆದರೆ ಮಗನ ವಾದವನ್ನು ಚಿಕೋರಿಯ ಹಾಗೆ ತಳ್ಳಿಹಾಕಲು ಬರುವುದಿಲ್ಲ. ಸಿನಿಮಾ ನೂರು ವರ್ಷದಿಂದ ಸೆಕೆಂಡಿಗೆ 24 ಚೌಕಟ್ಟಿನಲ್ಲೇ ಓಡುತ್ತಿದೆಯಲ್ಲ, ನಮಗೇನು ಕಡಿಮೆಯಾಯಿತು ಎಂದು ನಾನು ಕೇಳಿದ್ದೆ. ಕ್ಯಾಮೆರಾ ಓಡುವವನ ಕಾಲನ್ನು ಪ್ರತಿ ಚೌಕಟ್ಟಿನಲ್ಲೂ ಕೊಂಚ ಕಲಸಿ ಹಿಡಿಯುತ್ತದೆ, ಆ ಮಸುಕೇ ಒಂದು ಚಿತ್ರದಿಂದ ಮುಂದಿನದಕ್ಕೆ ಸೇತುವೆ ಎಂದ. ಕಂಪ್ಯೂಟರ್ ಬಿಡಿಸುವ ಚಿತ್ರ ತಾನಾಗಿ ಮಸುಕಾಗದು; ಒಂದೊಂದೂ ಕತ್ತರಿಸಿಟ್ಟಷ್ಟು ಸ್ಪಷ್ಟ, ಹಾಗಾಗಿ ನಡುವಿನ ಸಂದು ಎದ್ದು ಕಾಣುತ್ತದೆ. ಮೇಲಾಗಿ ಸಿನಿಮಾದಲ್ಲಿ ನಾಯಕನ ಕಾಲು ನಮ್ಮ ಬೆರಳಿಗೆ ಕಟ್ಟಿರುವುದಿಲ್ಲ. ಆಟದಲ್ಲಿ ಕಟ್ಟಿದೆ. ಸೆಕೆಂಡಿಗೆ 30 ಚಿತ್ರವಾದರೆ ಒಂದರಿಂದ ಇನ್ನೊಂದಕ್ಕೆ 33 ಮಿಲಿಸೆಕೆಂಡ್, 60 ಆದರೆ ಅದರ ಅರ್ಧ, 144 ಆದರೆ ಸುಮಾರು 7. ಗುಂಡಿ ಒತ್ತಿದ್ದಕ್ಕೂ ಪರದೆ ‘ಹೂಂ’ ಅಂದದ್ದಕ್ಕೂ ನಡುವಿನ ಆ ಮೌನ ಬೆರಳಿಗೆ ತಿಳಿಯುತ್ತದೆ. ಏರುತ್ತ ಹೋದಂತೆ ಲಾಭ ಸಣ್ಣದಾಗುತ್ತದೆ ಎಂದು ಅವನೇ ಒಪ್ಪಿಕೊಂಡ. 30ರಿಂದ 60ಕ್ಕೆ ಹಾರಿದಾಗಿನ ಸುಖ 60ರಿಂದ 144ಕ್ಕೆ ಹಾರಿದರೆ ಇಲ್ಲ. ಇನ್ನೂ ಒಂದು ಮಾತು ಹೇಳಿದ, ಅದು ನನಗೆ ಹಿಡಿಸಿತು. ಸರಾಸರಿ 60 ಇದ್ದು ಆಗಾಗ ಮುಗ್ಗರಿಸುವ ಆಟಕ್ಕಿಂತ, ಹದ ತಪ್ಪದೆ 30ರಲ್ಲಿ ಸಾಗುವುದೇ ಕಣ್ಣಿಗೆ ಹಿತವಂತೆ. ಬ್ರೇಕು ಒತ್ತಿ ಒತ್ತಿ ಓಡಿಸುವ ಖಾಸಗಿ ಬಸ್ಸಿಗಿಂತ ಎತ್ತಿನ ಗಾಡಿ ವಾಸಿ ಎಂದು ನಮ್ಮಜ್ಜಿ ಸಾಯುವತನಕ ಹೇಳಿದ್ದು ಇದನ್ನೇ.

ಅಭ್ಯಾಸದ ಮಾತು ಬೇರೆಯೇ. 2012ರಲ್ಲಿ ಪೀಟರ್ ಜಾಕ್ಸನ್ ‘ದಿ ಹಾಬಿಟ್’ ಚಿತ್ರವನ್ನು 24ರ ಬದಲು 48 ಚೌಕಟ್ಟಿನಲ್ಲಿ ತೆಗೆದಾಗ, ಇದೇನು ಟಿವಿ ಧಾರಾವಾಹಿಯ ಹಾಗಿದೆ ಎಂದು ನೋಡಿದವರು ಅನೇಕರು ಮುಖ ಸಿಂಡರಿಸಿದರು. ದುಪ್ಪಟ್ಟು ಬಡಿಸಿದರೂ ಊಟ ಸೇರಲಿಲ್ಲ.

ನನ್ನ ಅಭ್ಯಾಸ ಶುರುವಾದದ್ದು 1994ರ ಬೇಸಿಗೆ ರಜೆಯಲ್ಲಿ, ಅರಸೀಕೆರೆಯಲ್ಲಿ. ಸೋದರಮಾವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಟಿವಿ ಗೇಮ್ ತಂದಿದ್ದರು. ಬೂದು ಬಣ್ಣದ ಪೆಟ್ಟಿಗೆ, ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ಅಣ್ಣನೂ ನಾನೂ ಒಂದು ಮಧ್ಯಾಹ್ನ ಕೂತು ಎಣಿಸಿದೆವು, ಏಳೇ ಇದ್ದವು. ಉಳಿದ 9992 ಅವೇ ಏಳರ ಪುನರ್ಜನ್ಮ. ಪರದೆ ಬರಿದಾದರೆ ಕ್ಯಾಸೆಟ್ಟು ತೆಗೆದು ಅದರ ಬಾಯಿಗೆ ಉಫ್ ಎಂದು ಊದುವುದು ಅಣ್ಣನ ಹಕ್ಕು. ನನ್ನ ಉಸಿರಿನಲ್ಲಿ ಎಂಜಲು ಜಾಸ್ತಿ ಎಂದು ಅವನ ಅಭಿಪ್ರಾಯವಾಗಿತ್ತು.

ಎಫ್‌ಪಿಎಸ್, ಲ್ಯಾಗ್ ಎಂಬ ಪದಗಳು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ‘ಸುಸ್ತು’. ಕೆಲವು ಆಟಗಳಲ್ಲಿ ವೈರಿಗಳು ಒಟ್ಟಿಗೆ ನುಗ್ಗಿದರೆ ಇಡೀ ಲೋಕ ನೀರಿನೊಳಗೆ ನಡೆದ ಹಾಗೆ ನಿಧಾನವಾಗುತ್ತಿತ್ತು. ಒಂದೇ ಸಾಲಿನಲ್ಲಿ ಬೊಂಬೆಗಳು ಹೆಚ್ಚಾದರೆ ಮಿಣುಕುತ್ತಿದ್ದವು. ಒಂದು ಗೆರೆಯಲ್ಲಿ ಎಂಟು ತುಣುಕಿಗಿಂತ ಹೆಚ್ಚು ಬಿಡಿಸಲು ಆ ಯಂತ್ರಕ್ಕೆ ಶಕ್ತಿಯಿಲ್ಲ ಎಂದು ನಾನು ತಿಳಿದದ್ದು ತೀರ ಈಚೆಗೆ. ಆಗ ಅಣ್ಣ, ‘ಪಾಪ, ಅದಕ್ಕೂ ಸುಸ್ತಾಗಿದೆ ಕಣೋ’ ಎಂದು ಸ್ವಿಚ್ಚು ಆರಿಸಿ, ಪೆಟ್ಟಿಗೆಗೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದ. ಅದು ದಣಿದಾಗಲೇ ನಾವು ಗುಂಡು ತಪ್ಪಿಸಿಕೊಂಡು ಬದುಕುತ್ತಿದ್ದುದು ಎಂಬುದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಇಕ್ಕಟ್ಟು ಹೆಚ್ಚಿದಾಗ ಕಾಲವನ್ನೇ ನಿಧಾನ ಮಾಡಿ ಅನುವು ಮಾಡಿಕೊಡುವ ಆ ಸೌಜನ್ಯ ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ.

ಏಳರಲ್ಲಿ ನಮ್ಮದು ಮಾರಿಯೋ. ಇಬ್ಬರು ಆಡುವುದಾದರೆ ಮೊದಲ ರಿಮೋಟಿನವನು ಮಾರಿಯೋ, ಎರಡನೆಯವನು ಅವನ ತಮ್ಮ ಲೂಯಿಜಿ. ಜೊತೆಯಾಗಿ ಆಡುವಂತಿಲ್ಲ, ಮಾರಿಯೋ ಸತ್ತರೆ ಲೂಯಿಜಿಯ ಸರದಿ. ಅಣ್ಣ ಹಿರಿಯನಾದ್ದರಿಂದ ಮೊದಲ ರಿಮೋಟು ಅವನದು, ಅದರಲ್ಲಿ ಚರ್ಚೆಯಿಲ್ಲ. ಅವನೋ ನುರಿತ ಆಟಗಾರ. ನಾನು ಮೊಣಕಾಲು ಕಟ್ಟಿಕೊಂಡು, ಎರಡನೇ ರಿಮೋಟು ಹಿಡಿದು, ಸಾಯಿ ಸಾಯಿ ಎಂದು ಮನಸ್ಸಿನಲ್ಲಿ ಜಪಿಸುತ್ತ ಕೂತಿರುತ್ತಿದ್ದೆ. ಒಮ್ಮೆ ಜಪ ಜೋರಾಗಿ, ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿ, ತಲೆಗೊಂದು ಮೊಟಕಿ, ‘ಬಿಡ್ತು ಅನ್ನು’ ಎಂದಳು. ಬಿಡ್ತು ಅಂದೆ. ಅಷ್ಟರಲ್ಲಿ ಅಣ್ಣ ಹಳ್ಳಕ್ಕೆ ಬಿದ್ದಿದ್ದ.

ಈಚೆಗೆ ಒಂದು ರಾತ್ರಿ ನಿದ್ದೆ ಬಾರದೆ ಯೂಟ್ಯೂಬಿನಲ್ಲಿ ಆ ಮಾರಿಯೋ ಹುಡುಕಿದೆ. ಆಟ ಅದೇ, ಆದರೆ ಏನೋ ಸರಿಯಿಲ್ಲ. ಮಾರಿಯೋ ರೈಲು ತಪ್ಪುವವನ ಹಾಗೆ ಓಡುತ್ತಿದ್ದ. ಹಾಡು ಹೆಜ್ಜೆಯ ಮೇಲೆ ಹೆಜ್ಜೆ ತುಳಿಯುತ್ತಿತ್ತು. 60ಕ್ಕೂ 144ಕ್ಕೂ ಭೇದ ತಿಳಿಯದ ಇದೇ ಕಣ್ಣು, ಇದೇ ಕಿವಿ, ಒಂದೇ ಗಳಿಗೆಯಲ್ಲಿ ಇದು ನಮ್ಮದಲ್ಲ ಎಂದುಬಿಟ್ಟವು. ಬೆಳಿಗ್ಗೆ ಮಗನನ್ನು ಕೇಳಿದೆ. ಅವನು ನಕ್ಕು ಬಿಡಿಸಿ ಹೇಳಿದ. ಜಪಾನು, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಪರದೆ ತುಂಬುತ್ತಿದ್ದವು, ನಮ್ಮದು 50. ಆಟದ ಗಡಿಯಾರ, ಹಾಡಿನ ತಾಳ ಎಲ್ಲವೂ ಪರದೆಯನ್ನು ಎಣಿಸಿಕೊಂಡೇ ಸಾಗುತ್ತಿದ್ದವು. 60ಕ್ಕೆಂದು ಬರೆದ ಆಟವನ್ನು ನಮ್ಮ ನಕಲಿ ಪೆಟ್ಟಿಗೆ 50ರಲ್ಲಿ ಓಡಿಸಿದಾಗ ಎಲ್ಲವೂ ಆರರಲ್ಲೊಂದು ಪಾಲು ನಿಧಾನ. ಮೊದಲ ಹಂತಕ್ಕೆ ಪರದೆಯ ಮೂಲೆಯಲ್ಲಿ 400 ಎಂದು ಇರುತ್ತದಲ್ಲ, ಅದು ಸೊನ್ನೆಗಿಳಿಯಲು ಜಪಾನಿನ ಹುಡುಗನಿಗೆ 160 ಸೆಕೆಂಡ್. ಅರಸೀಕೆರೆಯ ನಮಗೆ 192.

ಮೂವತ್ತೆರಡು ಸೆಕೆಂಡ್ ಲಾಭ. ಯಾರೂ ಲೆಕ್ಕ ಕೇಳದೆ ಕೊಟ್ಟದ್ದು. ಅಣ್ಣ ಅಷ್ಟು ಹೊತ್ತು ಸಾಯದೆ ಇರುತ್ತಿದ್ದುದರ ಗುಟ್ಟು ಇದೇ ಇರಬೇಕು ಎಂದು ಅವನಿಗೆ ಫೋನು ಮಾಡಿ ರೇಗಿಸಬೇಕೆನಿಸಿತು. ಅಣ್ಣ ಹೋಗಿ ನಾಲ್ಕು ವರ್ಷವಾಗಿದೆ. ನಂಬರು ಇನ್ನೂ ಅಳಿಸಿಲ್ಲ.

ಮಗ ಅಂದೇ ಇನ್ನೊಂದು ಕತೆ ಹೇಳಿದ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಕಟ್ಟಿದಾಗ, ಪರದೆಯ ಮೇಲೆ 55 ಅನ್ಯಗ್ರಹದ ಪ್ರಾಣಿಗಳು. ಅಂದಿನ ಚಿಪ್ಪಿಗೆ ಚೌಕಟ್ಟಿಗೆ ಒಂದನ್ನು ಮಾತ್ರ ಸರಿಸಲು ಸಾಧ್ಯ, ಆದ್ದರಿಂದ ಪೂರ್ತಿ ದಂಡು ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು. ಒಂದೊಂದಾಗಿ ಉದುರಿದಂತೆ ಉಳಿದವುಗಳ ಸರದಿ ಬೇಗ ಬೇಗ ಬರುತ್ತ, ಕೊನೆಯದೊಂದು ಹುಚ್ಚುಹಿಡಿದಂತೆ ಓಡುತ್ತಿತ್ತು. ಅದು ಯಂತ್ರದ ದೌರ್ಬಲ್ಯ. ನಿಶಿಕಾಡೊ ತಿದ್ದದೆ ಹಾಗೇ ಬಿಟ್ಟರು. ಮಗ ಇದನ್ನು ತಾಂತ್ರಿಕ ತಮಾಷೆಯಾಗಿ ಹೇಳಿದ. ನನಗೆ ಆ ರಜೆಯಲ್ಲಿ ಹನ್ನೊಂದು ಜನ ತುಂಬಿದ್ದ ಮನೆಯೂ, ಎಷ್ಟು ಹೊತ್ತಾದರೂ ಮುಗಿಯದ ಅದರ ಮಧ್ಯಾಹ್ನಗಳೂ ಕಣ್ಣ ಮುಂದೆ ಬಂದವು. ಈಗ ಸೋಮವಾರ ಎಂದು ಹೇಳುವಷ್ಟರಲ್ಲಿ ಶನಿವಾರ.

ಕಳೆದ ಭಾನುವಾರ ಮಗ ಕರೆದ. ಹಳೆಯ ಪೆಟ್ಟಿಗೆಗಳನ್ನು ಅನುಕರಿಸುವ ತಂತ್ರಾಂಶವೊಂದನ್ನು ಹಾಕಿಟ್ಟಿದ್ದ. ಅದರಲ್ಲಿ ‘ಡೆಂಡಿ’ ಎಂಬ ಆಯ್ಕೆ ಇತ್ತು. 1992ರಿಂದ ರಷ್ಯಾದಲ್ಲಿ ಮಾರಾಟವಾಗುತ್ತಿದ್ದ ನಮ್ಮಂಥದೇ ನಕಲಿ ಪೆಟ್ಟಿಗೆಯ ಹೆಸರದು. ಅದರ ನಡಿಗೆಯೂ 50. ಅದನ್ನೇ ಒತ್ತಿದ. 144ರ ಪರದೆಯ ಮೇಲೆ ಮಾರಿಯೋ ಬಂದ. ಹಾಡು ಶುರುವಾದದ್ದೇ ನನಗೆ ಗೊತ್ತಾಯಿತು, ಯಾವ ಪರೀಕ್ಷೆಯೂ ಬೇಕಾಗಲಿಲ್ಲ.

‘ತಗೋ ಅಪ್ಪಾ, ನೀನೇ ಮಾರಿಯೋ’ ಎಂದು ಮೊದಲ ರಿಮೋಟು ಚಾಚಿದ.

‘ಬೇಡ, ಎರಡನೆಯದು ಕೊಡು’ ಎಂದೆ.

ಮೊಣಕಾಲು ಈಗ ಮಡಚುವುದಿಲ್ಲ, ಕುರ್ಚಿ ಎಳೆದುಕೊಂಡು ಕೂತೆ. ಮಗ ಚೆನ್ನಾಗಿ ಆಡುತ್ತಾನೆ, ಥೇಟ್ ದೊಡ್ಡಪ್ಪನ ಕೈ. ಊಟಕ್ಕೆ ಕರೆಯುವತನಕ ನನ್ನ ಸರದಿ ಬರಲೇ ಇಲ್ಲ.