ಮೊದಲ ರೇಸ್ ಸೈಕಲ್ಲಿಗೆ ಬೇಕಾದ ಸಾಮಾನು



ನೆದರ್ಲೆಂಡ್ಸ್‌ನಲ್ಲಿ ಸೈಕಲ್ ಇಲ್ಲದ ಕನ್ನಡ ಕುಟುಂಬವನ್ನು ಹುಡುಕುವುದು ಕಷ್ಟ. ಮಕ್ಕಳನ್ನು ಶಾಲೆಗೆ ಬಿಡಲು ಒಂದು, ರೈಲು ನಿಲ್ದಾಣದಲ್ಲಿ ಮಳೆಗೆ ನೆನೆಯಲು ಒಂದು ಎಂಬಂತೆ ಮನೆಗೆ ಮೂರು ನಾಲ್ಕು ಇದ್ದೇ ಇರುತ್ತವೆ. ಆದರೆ ಇತ್ತೀಚೆಗೆ ಸಂಘದ ಕಾರ್ಯಕ್ರಮಗಳಲ್ಲಿ ಆರೋಗ್ಯ ಸಲಹೆಯ ಮೇಜಿನ ಬಳಿ ನಾನು ಕುಳಿತಾಗ ಬೇರೊಂದು ಪ್ರಶ್ನೆ ಕೇಳಿಬರುತ್ತಿದೆ: "ಡಾಕ್ಟರೇ, ಒಂದು ರೇಸ್‌ಫೀಟ್ಸ್ ತಗೊಳ್ಳೋಣ ಅಂತಿದ್ದೀನಿ, ಜೊತೆಗೆ ಏನೇನು ಬೇಕು?" ಕೇಳುವವರು ಬಹುಪಾಲು ನಲವತ್ತರ ಆಸುಪಾಸಿನವರು. ಅವರ ಇನ್ನೊಂದು ಕೈಯಲ್ಲಿ ರಕ್ತಪರೀಕ್ಷೆಯ ವರದಿ ಇರುತ್ತದೆ.

ಆ ವರದಿಯಿಂದಲೇ ಆರಂಭಿಸುತ್ತೇನೆ. ಊರಿನಲ್ಲಿ ಎಚ್‌ಬಿಎ1ಸಿಯನ್ನು ಶೇಕಡಾವಾರು ಬರೆದರೆ ಇಲ್ಲಿ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತಾರೆ. ಅಲ್ಲಿನ 6.0 ಎಂದರೆ ಇಲ್ಲಿನ 42, ಅಲ್ಲಿನ 6.5 ಎಂದರೆ ಇಲ್ಲಿನ 48. ನಲವತ್ತೆಂಟು ಮುಟ್ಟಿದರೆ ಮಧುಮೇಹದ ಮಾತು. ಅದಕ್ಕಿಂತ ಕೆಳಗಿನ ಆರು ಅಂಕಿಗಳು ಎಚ್ಚರಿಕೆಯವು. ಆಮ್‌ಸ್ಟರ್‌ಡಾಮಿನಲ್ಲಿ 2011ರಲ್ಲಿ ಆರಂಭವಾದ ಹೀಲಿಯಸ್ ಅಧ್ಯಯನವು ಈ ನಗರದ ಹಲವು ಜನಸಮುದಾಯಗಳ ಆರೋಗ್ಯವನ್ನು ಹೋಲಿಸಿ ನೋಡಿತು. 1873ರಿಂದ ಸುರಿನಾಮಿಗೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಸಂತತಿಯಲ್ಲಿ ಮಧುಮೇಹವು ಡಚ್ ಮೂಲದವರಿಗಿಂತ ಬಹಳ ಹೆಚ್ಚೆಂದು ಅದು ಕಂಡುಕೊಂಡಿತು. ಅವರ ಪೂರ್ವಜರು ಹೆಚ್ಚಾಗಿ ಉತ್ತರ ಭಾರತದವರು. ಆದರೂ ಈ ವಿಷಯದಲ್ಲಿ ಅವರ ಮೈಗೂ ನಮ್ಮ ಮೈಗೂ ನಂಟಿದೆ.

ದಾವಣಗೆರೆಯಲ್ಲಿ ನನ್ನ ತಂದೆಯವರು ಹರ್ಕ್ಯುಲಿಸ್ ಸೈಕಲ್ಲಿನಲ್ಲಿ ಕಚೇರಿಗೆ ಹೋಗುತ್ತಿದ್ದರು. ಸ್ಕೂಟರ್ ಬಂದ ಮೇಲೆ ಸೈಕಲ್ ಹಿತ್ತಲಿನ ಗೋಡೆಗೆ ಒರಗಿತು. ನಲವತ್ತೆಂಟನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂದಿತು. ಒಂದು ಇನ್ನೊಂದಕ್ಕೆ ಕಾರಣವೆಂದು ವೈದ್ಯೆಯಾಗಿ ನಾನು ಹೇಳಲಾರೆ. ಆದರೆ ನಲವತ್ತು ದಾಟಿದಾಗ ಆ ಗೋಡೆಯ ನೆನಪೇ ನನ್ನನ್ನು ಸೈಕಲ್ ಅಂಗಡಿಗೆ ಕಳುಹಿಸಿತು. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಸವಾರಿಗಳಲ್ಲಿ ಅದು ಮುಗಿಯುತ್ತದೆ, ಸವಾರಿ ನಿಲ್ಲದಿದ್ದರೆ.

ಪ್ರಶ್ನೆ ಇರುವುದು ಆ "ನಿಲ್ಲದಿದ್ದರೆ" ಎಂಬಲ್ಲಿಯೇ. ಸೈಕಲ್ ಭಾರವಾಯಿತೆಂದು ಸವಾರಿ ಬಿಟ್ಟವರನ್ನು ನಾನು ಕಂಡಿಲ್ಲ. ನೋವಾಯಿತೆಂದು ಬಿಟ್ಟವರನ್ನು ಹಲವರನ್ನು ಕಂಡಿದ್ದೇನೆ. ನಮ್ಮ ಬಳಗದ ಮಿತ್ರರೊಬ್ಬರು ಬೆಲೆಬಾಳುವ ಕಾರ್ಬನ್ ಸೈಕಲ್ ಕೊಂಡರು. ನಾಲ್ಕು ಸವಾರಿಯಾಗುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದವು. ನರರೋಗವೇ ಬಂದಿತೆಂದು ಹೆದರಿ ನನ್ನ ಬಳಿಗೆ ಬಂದರು. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರವು ಹ್ಯಾಂಡಲ್ಲಿಗೆ ಒತ್ತಿಕೊಂಡರೆ ಹೀಗಾಗುತ್ತದೆ. ಅವರ ಸೀಟಿನ ಮೂತಿ ಕೆಳಗೆ ಬಾಗಿತ್ತು, ಮೈಭಾರವೆಲ್ಲ ಜಾರಿ ಕೈಗಳ ಮೇಲೆ ಬೀಳುತ್ತಿತ್ತು. ಹ್ಯಾಂಡಲ್ ಅವರ ತೋಳಿಗೆ ದೂರವಾಗಿತ್ತು. ಸೀಟನ್ನು ಮಟ್ಟಸ ಮಾಡಿಸಿ, ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಎಂಬ ಗಿಡ್ಡ ಕೊಳವೆಯನ್ನು ಇನ್ನೂ ಗಿಡ್ಡದಕ್ಕೆ ಬದಲಾಯಿಸಿದ ಮೇಲೆ ಜೋಮು ಕ್ರಮೇಣ ಹೋಯಿತು. ಈಗ ಪ್ರತಿ ಭಾನುವಾರ ಅವರದೇ ಮೊದಲ ಸಂದೇಶ: "ಹೊರಟಿರಾ?"

ಆದ್ದರಿಂದ ನನ್ನ ಸಲಹೆಯ ಕ್ರಮ ಅಂಗಡಿಯ ಕ್ರಮಕ್ಕೆ ತಿರುವುಮುರುವು. ಚೌಕಟ್ಟು ಅಲ್ಯುಮಿನಿಯಮ್ಮಿನದಾದರೂ ಸರಿ, ಗೇರು ಶಿಮಾನೋದ ಕ್ಲಾರಿಸ್ ಅಥವಾ ಸೋರಾ ದರ್ಜೆಯದಾದರೂ ಸರಿ. ಅಳತೆ ಮಾತ್ರ ನಿಮ್ಮದಾಗಿರಲಿ. ಒಟ್ಟು ಹಣದಲ್ಲಿ ಐದನೆಯ ಒಂದು ಭಾಗವನ್ನು ಬದಿಗಿರಿಸಿ. ಮೈ ಸೈಕಲ್ಲನ್ನು ಮುಟ್ಟುವ ಮೂರು ಜಾಗಗಳಿಗೆ, ಅಂದರೆ ಸೀಟು, ಹ್ಯಾಂಡಲ್, ಪೆಡಲ್‌ಗಳಿಗೆ, ಅದನ್ನು ಖರ್ಚು ಮಾಡಿ.

ಸೀಟಿನ ಎತ್ತರಕ್ಕೆ ಒಂದು ಸರಳ ಲೆಕ್ಕವಿದೆ. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲದವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್‌ಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂತರ ಸಿಗುತ್ತದೆ. ಅಳತೆ 80 ಸೆಂ.ಮೀ. ಇದ್ದವರಿಗೆ ಸುಮಾರು 70.6 ಸೆಂ.ಮೀ. ಇದು ಆರಂಭಕ್ಕೆ ಮಾತ್ರ. ಮುಂದಿನದನ್ನು ಮಂಡಿಯೇ ಹೇಳುತ್ತದೆ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರುವ ಸಂಭವ ಹೆಚ್ಚು. ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರುವ ಸಂಭವ ಹೆಚ್ಚು. ಒಮ್ಮೆಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬದಲಾಯಿಸಬೇಡಿ.

ಸೀಟು ಮೆತ್ತಗಿದ್ದಷ್ಟೂ ಸುಖವೆಂಬುದು ತಪ್ಪು ತಿಳಿವಳಿಕೆ. ನಾವು ಕೂರಬೇಕಾದದ್ದು ಪೃಷ್ಠದ ಎರಡು ಮೂಳೆಗಳ ಮೇಲೆ. ಮೆತ್ತೆ ದಪ್ಪವಾದರೆ ಮೂಳೆಗಳು ಅದರಲ್ಲಿ ಹೂತು, ಭಾರವು ನಡುವಿನ ಮೃದುಭಾಗಕ್ಕೆ ಬೀಳುತ್ತದೆ. ಅಂಗಡಿಗಳಲ್ಲಿ ಈ ಮೂಳೆಗಳ ನಡುವಿನ ಅಂತರವನ್ನು ಅಳೆದು ಸೀಟಿನ ಅಗಲವನ್ನು ಸೂಚಿಸುತ್ತಾರೆ. ಅದನ್ನು ಕೇಳಲು ಸಂಕೋಚ ಬೇಡ. ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗೆ ಹೇಳುತ್ತೇನೆ: ಅಲ್ಲಿನ ಉರಿ, ಜೋಮು ಸಹಿಸಿಕೊಳ್ಳಬೇಕಾದ ಸಂಗತಿಯಲ್ಲ. ನಡುವೆ ತೆರಪಿರುವ, ತುಸು ಅಗಲದ ಸೀಟು ಹಲವರಿಗೆ ಪರಿಹಾರ. ಮೆತ್ತೆ ಹೊಲಿದ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ಧರಿಸಬೇಕು, ಪ್ರತಿ ಸವಾರಿಯ ನಂತರ ಒಗೆಯಬೇಕು. ಒಳಉಡುಪಿನ ಹೊಲಿಗೆ ಉಜ್ಜಿಯೇ ಅರ್ಧ ಗಾಯಗಳಾಗುವುದು.

ಪೆಡಲ್ ವಿಷಯದಲ್ಲಿ ಆತುರ ಬೇಡ. ಸ್ಕೀ ಬೂಟಿನ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಬೂಟನ್ನು ಪೆಡಲ್ಲಿಗೆ ಸಿಕ್ಕಿಸುವ ವ್ಯವಸ್ಥೆಯನ್ನು ತಂದಿತು. ಮರುವರ್ಷ ಬರ್ನಾರ್ ಈನೋ ಅದರ ಮೇಲೆಯೇ ಟೂರ್ ದ ಫ್ರಾನ್ಸ್ ಗೆದ್ದರು. ನಾವು ಗೆಲ್ಲಬೇಕಾದದ್ದು ಟ್ರಾಫಿಕ್ ಸಿಗ್ನಲ್ಲಿನಲ್ಲಿ ಬೀಳದೆ ನಿಲ್ಲುವುದನ್ನು. ಮೊದಲ ಕೆಲವು ತಿಂಗಳು ಚಪ್ಪಟೆ ಪೆಡಲ್ ಸಾಕು. ಆಮೇಲೆ ಬೇಕೆನಿಸಿದರೆ ನಡೆಯಲೂ ಬರುವ ಬೂಟಿನ ಎಸ್‌ಪಿಡಿ ಮಾದರಿಯನ್ನು ಆರಿಸಿಕೊಳ್ಳಿ.

ಟೈರು 28 ಮಿ.ಮೀ. ಅಥವಾ ಇನ್ನೂ ಅಗಲದ್ದಿರಲಿ. ಇಲ್ಲಿನ ಇಟ್ಟಿಗೆ ಹಾಸಿದ ಬೀದಿಗಳಲ್ಲಿ ಅದರ ಬೆಲೆ ತಿಳಿಯುತ್ತದೆ. ಟೈರಿನ ಬದಿಯಲ್ಲಿ ಬರೆದಿರುವ ದೊಡ್ಡ ಅಂಕಿ ಮಿತಿಯೇ ಹೊರತು ಗುರಿಯಲ್ಲ. ಎಪ್ಪತ್ತು ಕಿಲೋ ತೂಕದವರಿಗೆ ಸುಮಾರು 5 ಬಾರ್ ಆರಂಭಕ್ಕೆ ಸರಿ. ಗಾಳಿ ಬಾಯಿ ಮಾತ್ರ ನಮಗೆ ಹೊಸದು. ಊರಿನಲ್ಲಿ ವಾಲ್‌ಟ್ಯೂಬ್ ಸಿಕ್ಕಿಸುತ್ತಿದ್ದ ಮಾದರಿಗೆ ಇಲ್ಲಿ "ಡಚ್ ವಾಲ್ವ್" ಎಂದೂ, ರೇಸ್ ಸೈಕಲ್ಲಿನ ತೆಳು ಮಾದರಿಗೆ "ಫ್ರೆಂಚ್ ವಾಲ್ವ್" ಎಂದೂ ಹೆಸರು. ಫ್ರೆಂಚ್ ವಾಲ್ವಿನ ತುದಿಯ ಪುಟ್ಟ ತಿರುಪನ್ನು ಸಡಿಲಿಸಿದ ಮೇಲೆಯೇ ಗಾಳಿ ಹೋಗುವುದು. ಆದುದರಿಂದ ಒತ್ತಡ ತೋರಿಸುವ ನೆಲದ ಪಂಪನ್ನು ಮನೆಗೆ ಕೊಳ್ಳಿ. ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರು, ಕಿರುಪಂಪು, ಸ್ಪ್ಯಾನರ್ ಗೊಂಚಲು ಇರಲಿ. ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿ. ಇಲ್ಲಿ ಮರದ ಕೆಳಗೆ ಬಾಂಡ್ಲಿಯಲ್ಲಿ ನೀರಿಟ್ಟುಕೊಂಡು ಕುಳಿತ ಪಂಕ್ಚರ್ ಅಂಗಡಿಯವರು ಸಿಗುವುದಿಲ್ಲ.

ಹೆಲ್ಮೆಟ್ ಇಲ್ಲಿ ಸಾಮಾನ್ಯ ಸೈಕಲ್ಲಿಗೆ ಕಡ್ಡಾಯವಲ್ಲ. ಆದರೂ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಹೋಗುವವರು ಧರಿಸಲೇಬೇಕೆಂಬುದು ನನ್ನ ಅಭಿಪ್ರಾಯ. ಒಳಗೆ ಇಎನ್ 1078 ಎಂಬ ಗುರುತನ್ನು ನೋಡಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಅದನ್ನು ಮತ್ತೆ ಬಳಸಬಾರದು. ಗಂಟೆ ರೇಸ್ ಸೈಕಲ್ಲಿಗೂ ಬೇಕು. ಕತ್ತಲಲ್ಲಿ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪ ಬೇಕು. ಅವು ಮಿನುಗಬಾರದು, ತಲೆಯ ಮೇಲೆ ಕಟ್ಟಿಕೊಳ್ಳಲೂಬಾರದು. 2019ರ ಜುಲೈ 1ರಿಂದ ಸವಾರಿ ಮಾಡುತ್ತ ಫೋನನ್ನು ಕೈಯಲ್ಲಿ ಹಿಡಿಯುವುದೂ ನಿಷಿದ್ಧ. ಹಳೆಯ ಸೈಕಲ್ ಕೊಳ್ಳುವವರು ಚೌಕಟ್ಟಿನ ಸಂಖ್ಯೆಯನ್ನು ಪೊಲೀಸರ "ಸ್ಟಾಪ್ ಹೇಲಿಂಗ್" ತಾಣದಲ್ಲಿ ಪರೀಕ್ಷಿಸಿ. ಕದ್ದ ಮಾಲು ಅಗ್ಗವಾಗಿಯೇ ಇರುತ್ತದೆ.

ಇನ್ನು ಅಂಗಡಿಯಲ್ಲಿ ಯಾರೂ ಹೇಳದ ಒಂದು ಸಾಮಾನು: ಗ್ಲೂಕೋಸ್ ಬಿಲ್ಲೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಕ್ಲಜೈಡ್‌ನಂತಹ ಮಾತ್ರೆ ನುಂಗುವವರಿಗೆ ದೀರ್ಘ ಸವಾರಿಯಲ್ಲಿ ಸಕ್ಕರೆ ತೀರ ಇಳಿಯಬಹುದು. ನಡುಕ, ತಣ್ಣನೆಯ ಬೆವರು, ಮಂಕು ಕವಿದಂತಾದರೆ ಕೂಡಲೇ ಇಳಿದು ಸುಮಾರು 15 ಗ್ರಾಂ ಗ್ಲೂಕೋಸ್ ತಿನ್ನಿ. ಇಲ್ಲಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಅದು "ದ್ರಾಕ್ಷಿ ಸಕ್ಕರೆ" ಎಂಬರ್ಥದ ಡ್ರೌವನ್‌ಸೌಕರ್ ಹೆಸರಿನಲ್ಲಿ ಸಿಗುತ್ತದೆ. ಮೆಟ್ಟಿಲೇರುವಾಗ ಎದೆ ಬಿಗಿಯುವವರು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು ಸೈಕಲ್ ಅಂಗಡಿಗಿಂತ ಮೊದಲು ತಮ್ಮ ಹೌಸ್‌ಆರ್ಟ್ಸ್ ಬಳಿಗೆ ಹೋಗಬೇಕು.

ಎಲ್ಲಿಗೆ ಹೋಗುವುದು? ಬೈಟನ್‌ವೆಲ್ಡರ್ಟ್‌ನಲ್ಲಿರುವ ನಮಗೆ ಆಮ್‌ಸ್ಟೆಲ್ ಪಾರ್ಕಿನ ಪಕ್ಕದಲ್ಲೇ ಹೊಳೆಯಿದೆ. ರೀಕರ್ ಗಾಳಿಯಂತ್ರವನ್ನೂ ಅದರ ಬಳಿಯ ರೆಂಬ್ರಾಂಟ್ ಪ್ರತಿಮೆಯನ್ನೂ ದಾಟಿ ದಂಡೆ ಹಿಡಿದರೆ ಔಡರ್ಕೆರ್ಕ್ ಊರು. ಅಲ್ಲಿಂದ ರೊಂಡೆ ಹೂಪ್ ಎಂಬ ತಗ್ಗುಭೂಮಿಯ ಸುತ್ತ ಏರಿಯ ಮೇಲೆ ಹದಿನೇಳು ಕಿಲೋಮೀಟರಿನಷ್ಟು ದಾರಿ. ಎರಡೂ ಕಡೆ ನೀರು, ಹುಲ್ಲು, ಹಸು, ಕೊಕ್ಕರೆ. ಬೆಂಗಳೂರಿನ ಸವಾರರಿಗೆ ನಂದಿಬೆಟ್ಟದ ಏರು ಇದ್ದಂತೆ ನಮಗೆ ಇಲ್ಲಿನ ಗಾಳಿ. ಬೆಟ್ಟಕ್ಕಾದರೂ ತುದಿಯೆಂಬುದಿದೆ, ಗಾಳಿಗೆ ಅದೂ ಇಲ್ಲ. ಆದ್ದರಿಂದ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ಸುಸ್ತಾಗಿ ಮರಳುವಾಗ ಅದೇ ಗಾಳಿ ಬೆನ್ನು ತಟ್ಟಿ ಮನೆಗೆ ತಲುಪಿಸುತ್ತದೆ.

ಮೊದಲ ತಿಂಗಳು ಇಪ್ಪತ್ತು ಕಿಲೋಮೀಟರ್ ಸಾಕು, ಮಾತನಾಡಲು ಉಸಿರು ಉಳಿಯುವಷ್ಟು ವೇಗ ಸಾಕು. ಮೂರು ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿ. ಎಚ್‌ಬಿಎ1ಸಿ ಹೇಳುವುದು ಸರಿಸುಮಾರು ಅಷ್ಟೇ ಅವಧಿಯ ಕಥೆಯನ್ನು. ಮುಂದಿನ ಕಾರ್ಯಕ್ರಮಕ್ಕೆ ಆ ವರದಿಯನ್ನು ತನ್ನಿ; ಇಬ್ಬರೂ ಕೂಡಿ ನೋಡೋಣ.