ಇಕಾರಸನ ಪತನ: ಕರಡು ಮತ್ತು ಕೃತಿ

ನನ್ನ ಗುರುಗಳು ತೀರಿಕೊಂಡಾಗ ಹಳಗನ್ನಡ ಕಾವ್ಯವೊಂದರ ಸಂಪಾದನಕಾರ್ಯ ಅವರ ಮೇಜಿನ ಮೇಲೆ ಅರ್ಧಕ್ಕೆ ನಿಂತಿತ್ತು. ಪಾಠಾಂತರಗಳ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಗೀಚಿದ ಎರಡು ಮೂರು ಶಬ್ದಗಳ ಟಿಪ್ಪಣಿಗಳು. ಕೆಲವೆಡೆ ಬರಿಯ ಪ್ರಶ್ನಾರ್ಥಕ ಚಿಹ್ನೆ. ಅದನ್ನು ಪೂರೈಸುವ ಹೊಣೆ ನನ್ನ ಪಾಲಿಗೆ ಬಂದಿತು. ಆ ದಿನಗಳಲ್ಲಿಯೇ ಕಲಾಚರಿತ್ರೆಯ ಗ್ರಂಥವೊಂದರಲ್ಲಿ ಪೀಟರ್ ಪಾಲ್ ರೂಬೆನ್ಸನ ‘ಇಕಾರಸನ ಪತನ’ದ ಕರಡನ್ನೂ ಅದನ್ನು ಅನುಸರಿಸಿ ಮತ್ತೊಬ್ಬನು ಬರೆದ ದೊಡ್ಡ ಚಿತ್ರವನ್ನೂ ಎದುರುಬದುರು ಪುಟಗಳಲ್ಲಿ ಕಂಡೆ.

1636ರಲ್ಲಿ ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್ ಮ್ಯಾಡ್ರಿಡ್ ಸಮೀಪದ ತನ್ನ ಬೇಟೆಯ ಬಿಡಾರವಾದ ‘ಟೋರೆ ದೆ ಲಾ ಪರಾದ’ಕ್ಕೆಂದು 60ಕ್ಕೂ ಹೆಚ್ಚು ಚಿತ್ರಗಳನ್ನು ರೂಬೆನ್ಸನಿಂದ ಅಪೇಕ್ಷಿಸಿದ. ಅವುಗಳಲ್ಲಿ ಹೆಚ್ಚಿನವು ರೋಮನ್ ಕವಿ ಓವಿಡನ ‘ಮೆಟಮಾರ್ಫಸಿಸ್’ ಕಾವ್ಯದ ಮೂಲಕ ಯುರೋಪಿಗೆ ಪರಿಚಿತವಾದ ಗ್ರೀಕ್ ಕಥೆಗಳು. ಕಲಾವಿದನಿಗೆ ಆಗ ಅರವತ್ತು ಸಮೀಪಿಸಿತ್ತು, ಸಂಧಿವಾತ ಕೈಗಳನ್ನು ಕಾಡುತ್ತಿತ್ತು, ದೊರೆಗೋ ಅವಸರ. ರೂಬೆನ್ಸ್ ಚಿಕ್ಕ ಚಿಕ್ಕ ಮರದ ಹಲಗೆಗಳ ಮೇಲೆ ತೈಲವರ್ಣದಲ್ಲಿ ಕರಡುಗಳನ್ನು ಬರೆದು, ಕೆಲವನ್ನು ಮಾತ್ರ ತಾನೇ ದೊಡ್ಡದಾಗಿ ಚಿತ್ರಿಸಿ, ಉಳಿದುವನ್ನು ಆಂಟ್ವೆರ್ಪಿನ ಇತರ ಕಲಾವಿದರಿಗೆ ಹಂಚಿದ. 1638ರಲ್ಲಿ ಚಿತ್ರಗಳು ಸ್ಪೇನಿಗೆ ಹೊರಟವು.

ಇಕಾರಸನ ಕಥೆ ಯಾಕೊಬ್ ಪೀಟರ್ ಗೋವಿಯ ಪಾಲಿಗೆ ಬಂತು. ಕರಡು ಈಗ ಬ್ರಸೆಲ್ಸಿನ ರಾಜಸಂಗ್ರಹಾಲಯದಲ್ಲಿದೆ, ಸುಮಾರು 27 ಸೆಂಟಿಮೀಟರಿನ ಹಲಗೆ. ಗೋವಿಯ ಚಿತ್ರ ಮ್ಯಾಡ್ರಿಡಿನ ಪ್ರಾದೊದಲ್ಲಿದೆ, ಎತ್ತರ ಎರಡು ಮೀಟರಿಗೆ ತುಸು ಕಡಿಮೆ. ತಂದೆ ಡೀಡಲಸ್ ಮೇಲೆ ಹಾರುತ್ತಿದ್ದಾನೆ. ಮೇಣ ಕರಗಿ ಗರಿ ಕಳಚಿದ ಮಗ ತಲೆಕೆಳಗಾಗಿ ಬೀಳುತ್ತಿದ್ದಾನೆ. ಭಂಗಿಯಲ್ಲಿ ಗೋವಿ ಗುರುವಿನ ಕರಡಿಗೆ ಬಹುಮಟ್ಟಿಗೆ ನಿಷ್ಠನೇ. ಆದರೂ ಎರಡೂ ಒಂದೇ ಅಲ್ಲ. ಕರಡಿನಲ್ಲಿ ದೇಹಗಳು ಕುಂಚದ ಕೆಲವೇ ಎಳೆತಗಳು. ಬಣ್ಣದ ಅಡಿಯಿಂದ ಹಲಗೆಯ ಕಂದು ಲೇಪ ಇಣುಕುತ್ತದೆ. ಬೀಳುವುದು ಇನ್ನೂ ನಡೆಯುತ್ತಲೇ ಇದೆ. ಗೋವಿಯಲ್ಲಿ ಸ್ನಾಯು, ರೆಕ್ಕೆ, ಆಕಾಶ ಎಲ್ಲವೂ ತುಂಬಿಕೊಂಡಿವೆ, ಇಕಾರಸ ಗಾಳಿಯಲ್ಲಿ ನಿಂತುಬಿಟ್ಟಿದ್ದಾನೆ. ಗೋವಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಬಿಡಾರದ ಎತ್ತರದ ಗೋಡೆಗೆ ಗೇಣಗಲದ ಹಲಗೆ ಸಾಲದು. ಯಾರಾದರೂ ಪೂರ್ತಿ ಮಾಡಲೇಬೇಕಿತ್ತು.

ಆ ಪುಟಗಳನ್ನು ಮುಚ್ಚಿ ನನ್ನ ಕರಡಚ್ಚಿಗೆ ಮರಳಿದಾಗ ಮುಖ ಕೆಂಪೇರಿತು. ಗುರುಗಳು ಸಂದೇಹ ಸೂಚಿಸಿದ್ದ ಪದ್ಯಗಳಲ್ಲಿ ನಾನೊಂದು ಪಾಠವನ್ನು ಆರಿಸಿ, ಅರ್ಥ ಬರೆದು, ಅವರ ಪ್ರಶ್ನಾರ್ಥಕ ಚಿಹ್ನೆಗಳನ್ನು ಅಳಿಸಿದ್ದೆ. ಪ್ರತಿ ಶುದ್ಧವಾಗಿ ಕಾಣಬೇಕೆಂಬ ಆಸೆ, ಅಷ್ಟೇ. ಅವರು ಸಂದೇಹಪಟ್ಟದ್ದನ್ನು ಅವರ ಹೆಸರಿನಲ್ಲಿಯೇ ನಿರ್ಣಯವಾಗಿಸಿದ್ದೆ. ಚಿಹ್ನೆಗಳನ್ನೆಲ್ಲ ಹುಡುಕಿ ಹಿಂದಕ್ಕೆ ಸೇರಿಸಲು ಮೂರು ವಾರ ಹಿಡಿಯಿತು. ಎರಡು ಕಡೆ ಅವರ ಸಂದೇಹ ಯಾವ ಶಬ್ದದ ಮೇಲೆಂಬುದೇ ತಿಳಿಯಲಿಲ್ಲ. ಹಾಗೆಂದೇ ಅಡಿಟಿಪ್ಪಣಿಯಲ್ಲಿ ಬರೆದೆ.

ರೂಬೆನ್ಸ್ 1640ರಲ್ಲಿ ತೀರಿಕೊಂಡ. ಕಾಗದದ ಮೇಲಿನ ತನ್ನ ರೇಖಾಚಿತ್ರಗಳನ್ನು ಮಾರಬಾರದು, ಗಂಡುಮಕ್ಕಳಲ್ಲಿ ಒಬ್ಬನು ಚಿತ್ರಕಾರನಾದರೆ ಅಥವಾ ಹೆಣ್ಣುಮಕ್ಕಳಲ್ಲಿ ಒಬ್ಬಳು ಚಿತ್ರಕಾರನನ್ನು ವರಿಸಿದರೆ ಅವರಿಗಾಗಿ ಕಾದಿರಿಸಬೇಕು, ಕೊನೆಯ ಮಗುವಿಗೆ ಹದಿನೆಂಟು ತುಂಬುವವರೆಗೆ ಕಾಯಬೇಕು ಎಂದು ಉಯಿಲು ಬರೆದಿದ್ದ. ಮಕ್ಕಳಲ್ಲಿ ಯಾರೂ ಆ ದಾರಿ ಹಿಡಿಯಲಿಲ್ಲ. 1657ರಲ್ಲಿ ಅವು ಮಾರಾಟವಾದವು.

ನಮ್ಮ ಆವೃತ್ತಿ ಅಚ್ಚಾದ ಮೇಲೆ ಗುರುಗಳ ಹಾಳೆಗಳ ಕಟ್ಟನ್ನು ಮರಳಿಸಲು ಅವರ ಮನೆಗೆ ಹೋದೆ. ಅಮ್ಮನವರು ಅದನ್ನು ಬಿಚ್ಚಿ, ಮೊದಲ ಹಾಳೆಯ ಮೇಲೆ ಕೈಯಾಡಿಸಿ, ಮತ್ತೆ ಕಟ್ಟಿದರು. “ನೀವೇ ಇಟ್ಟುಕೊಳ್ಳಿ. ಇದನ್ನು ಓದುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ?” ಎಂದರು. ಆ ಕಟ್ಟು ಈಗಲೂ ನನ್ನ ಬಳಿಯಿದೆ.