ಬನದ ಹುಣ್ಣಿವೆಯ ಊಟ

ಎಳ್ಳಮಾವಾಸ್ಯೆಯಿಂದ ಬನದ ಹುಣ್ಣಿವೆಯ ವರೆಗಿನ ದಿನಗಳು ಮಲಪ್ರಭೆ ಕೃಷ್ಣೆಗಳ ನಡುವಿನ ನಾಡಿಗೆ ಉಣ್ಣುವ, ಉಣಿಸುವ ದಿನಗಳು. ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬುತ್ತಿ ಬಿಚ್ಚುವರು. ಸಂಕ್ರಮಣಕ್ಕೆ ಕೂಡಲಸಂಗಮದಲ್ಲಿ ಮಿಂದು ಹೊಳೆಯ ದಂಡೆಯ ಮೇಲೆ ಕುಳಿತು ಉಣ್ಣುವರು. ಪುಷ್ಯದ ಹುಣ್ಣಿವೆಗೆ ಬಾದಾಮಿಯ ಬನಶಂಕರಿಯ ತೇರಿಗೆ ನೆರೆಯುವರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹೋಳಿಗೆ, ಮಾದಲಿ, ಬಗೆಬಗೆಯ ಉಂಡಿಗಳು: ಹೆಸರು ಹೇಳಿದರೆ ಸಾಕು, ಬಾಯಲ್ಲಿ ನೀರೂರುವುದು. ಇಂತಹ ದಿನಗಳಲ್ಲಿ ಆರೋಗ್ಯದ ಮಾತೆತ್ತುವವನನ್ನು ರಸಭಂಗ ಮಾಡುವವನೆಂದು ಜನರು ಬಗೆಯುವುದು ಸಹಜವೇ ಸರಿ. ಆದರೆ ಹಬ್ಬ ಮುಗಿದ ಮೇಲೆ ವೈದ್ಯರ ಬಾಗಿಲಲ್ಲಿ ಕುಳಿತವರನ್ನು ಕಂಡರೆ, ಆ ಮಾತನ್ನು ಎತ್ತದಿರುವುದೂ ಯೋಗ್ಯವಲ್ಲವೆಂದು ತೋರುವುದು.

ಇಳಕಲ್ಲಿನ ವೃದ್ಧ ನೇಕಾರರೊಬ್ಬರ ಸಂಗತಿಯು ಇದಕ್ಕೆ ನಿದರ್ಶನವಾಗಿದೆ. ನಾಲ್ವತ್ತು ವರುಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯ್ದವರು ಅವರು. ಕೈಕಾಲುಗಳಿಗೆ ಕೆಲಸವುಂಟು, ದೇಹಕ್ಕೆ ನಡಿಗೆಯಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದೆಯೆಂದು ವೈದ್ಯರು ತಿಳಿಸಿದಾಗ ಅವರಿಗೆ ಅರುವತ್ತು ತುಂಬಿರಲಿಲ್ಲ. ಈ ಬೇನೆ ಅವರೊಬ್ಬರದೇ ಅಲ್ಲ. ಭಾರತದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿರುವುದೆಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಪರಿಶೀಲನೆಯೊಂದು ತಿಳಿಸಿತು. ನಿತ್ಯದ ದಿನಗಳಲ್ಲಿ ಅವರು ಪಥ್ಯಕ್ಕೆ ತಪ್ಪುತ್ತಿರಲಿಲ್ಲ. ಅವರನ್ನು ಸೋಲಿಸಿದ್ದು ನಾಲಗೆಯ ಚಾಪಲ್ಯವಲ್ಲ, ಬಡಿಸುವವರ ಪ್ರೀತಿ. “ಬೀಗರ, ವರ್ಷಕ್ಕೊಂದು ಹಬ್ಬ; ಒಂದು ಹೋಳಿಗಿ ತಿಂದ್ರ ಏನಾಗತೈತ್ರಿ?” ಎಂದು ಎಲೆಗೆ ಒಂದನ್ನಿಕ್ಕಿದ ಕೈ ಮತ್ತೊಂದನ್ನು ಇಕ್ಕದೆ ಹಿಂದಕ್ಕೆ ಸರಿಯುತ್ತಿರಲಿಲ್ಲ. ಬೇಡವೆಂದರೆ ಬೀಗರಿಗೆ ಅಪಮಾನ; ಉಂಡರೆ ತನಗೆ ಅಪಾಯ. ಒಂದು ವರುಷ ಹೀಗೆ ಮನೆಮನೆಯಲ್ಲಿ ಉಂಡ ತರುವಾಯ ಕಾಲಿನ ಸಣ್ಣ ಗಾಯವೊಂದು ಎರಡು ತಿಂಗಳಾದರೂ ಮಾಯಲಿಲ್ಲ. ಮಗ್ಗವನ್ನು ತುಳಿಯುವ ಕಾಲು ಅದು! ಕಾಲುಳಿಯಿತು, ಆದರೆ ಅವರು ಹಬ್ಬವನ್ನೇ ಬಿಟ್ಟರು. ಮುಂದಿನ ಎರಡು ವರುಷ ಮನೆಯವರೆಲ್ಲ ತೇರಿಗೆ ಹೋದಾಗ ತಾವೊಬ್ಬರೇ ಮಗ್ಗದ ಬಳಿ ಉಳಿದರು.

ಮೂರನೆಯ ವರುಷ ಅವರ ಮಡದಿ ಕೇಳಲಿಲ್ಲ. “ತಾಯಿಗೆ ಕೈ ಮುಗದು ಬರೂಣು. ಯಾರ ಮನಿಗೂ ಹೋಗೂದು ಬ್ಯಾಡ, ಅಲ್ಲೇ ಬುಟ್ಟಿ ರೊಟ್ಟಿ ಉಂಡ್ರಾತು” ಎಂದು ಹೊರಡಿಸಿದಳು. ಚೊಳಚಗುಡ್ಡದ ಗುಡಿಯ ಸುತ್ತಲೂ ರೊಟ್ಟಿಯ ಬುಟ್ಟಿಗಳನ್ನು ಹೊತ್ತು ತರುವ ಹೆಣ್ಣುಮಕ್ಕಳನ್ನು ಅಲ್ಲಿಗೆ ಹೋದವರೆಲ್ಲರೂ ಬಲ್ಲರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಗಡಿಗೆಯ ಮೊಸರು: ಇಷ್ಟೇ ಅವರ ಅಡಿಗೆ. ಹರಿದ್ರಾತೀರ್ಥದ ದಂಡೆಯಲ್ಲಿ ದಂಪತಿಗಳು ಕುಳಿತು ಉಂಡರು. “ಯಪ್ಪಾ, ಇನ್ನೊಂದು ರೊಟ್ಟಿ ಹಾಕಲೇನು?” ಎಂದು ಆ ಮುದುಕಿ ಕೇಳಿದಳು. “ಸಾಕವ್ವಾ” ಎಂದರು. “ಸಾಕಾದ್ರ ಸಾಕು, ತಣ್ಣಗಿರು” ಎಂದು ಆಕೆ ಬುಟ್ಟಿಯನ್ನು ಮುಚ್ಚಿದಳು. ಸಾಕೆಂಬ ಮಾತನ್ನು ಹಬ್ಬದಲ್ಲಿ ಒಬ್ಬರಾದರೂ ನಗುತ್ತ ಒಪ್ಪಿಕೊಂಡರಲ್ಲಾ ಎಂದು ವೃದ್ಧರ ಕಣ್ಣು ತುಂಬಿ ಬಂದವು.

ವಿಚಾರಿಸಿ ನೋಡಿದರೆ ಆ ಊಟವೇ ಆ ಕ್ಷೇತ್ರಕ್ಕೆ ಉಚಿತವಾದ ಊಟ. ಬನಶಂಕರಿಯು ಶಾಕಂಭರಿ. ನೂರು ವರುಷ ಮಳೆಯಿಲ್ಲದೆ ಲೋಕವು ಬಳಲಿದಾಗ ದೇವಿಯು ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಜೀವಿಗಳನ್ನು ಕಾಪಾಡುವಳೆಂದು ದೇವೀಮಾಹಾತ್ಮ್ಯದ 11ನೆಯ ಅಧ್ಯಾಯವು ಹೇಳುವುದು. ತೇರಿನ ಹಿಂದಿನ ದಿನ, ಚತುರ್ದಶಿಗೆ, ಪಲ್ಯದ ಹಬ್ಬವಾಗುವುದು. ಅಂದು 108 ಬಗೆಯ ಕಾಯಿಪಲ್ಯಗಳು ಆಕೆಗೆ ನೈವೇದ್ಯವಾಗುವವು. ನಾಡಿನ ದೊಡ್ಡ ಜಾತ್ರೆಯೊಂದರ ಮುಖ್ಯ ನೈವೇದ್ಯವು ಸಿಹಿಯಲ್ಲ, ಸೊಪ್ಪುಕಾಯಿ! ದೇವಿಯ ಎಡೆಯಲ್ಲಿರುವುದನ್ನು ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ಬೇಡವೆನ್ನುವುದು ಗುಡಿಯ ಹೊರಗಿನ ಜಿಲೇಬಿಯ ಕೊಪ್ಪರಿಗೆಯನ್ನು.

ಹಾಗೆಂದು ಹಿರಿಯರು ಸಿಹಿಯನ್ನೂ ಜಿಡ್ಡನ್ನೂ ದ್ವೇಷಿಸಿದರೆಂದಲ್ಲ. ಹೇಮಂತದಲ್ಲಿ ಜಠರಾಗ್ನಿಯು ಪ್ರಬಲವಾಗಿರುವುದೆಂದೂ, ಆಗ ಸ್ನಿಗ್ಧವಾದ ಆಹಾರವು ಹಿತವೆಂದೂ ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಹೇಳಿರುವನು. ಚಳಿಗಾಲದ ಹಬ್ಬಕ್ಕೆ ಎಳ್ಳು, ಶೇಂಗಾ, ಸಜ್ಜೆಗಳು ಕೂಡಿಬಂದದ್ದು ಈ ಮಾತಿಗೆ ಒಪ್ಪುವಂತೆಯೇ ಇದೆ. ಆದರೆ ಅದೇ ಅಧ್ಯಾಯದಲ್ಲಿ ಅಭ್ಯಂಗ ವ್ಯಾಯಾಮಗಳೂ ಹೇಳಲ್ಪಟ್ಟಿರುವವು. ಇನ್ನೊಂದು ಅಧ್ಯಾಯದಲ್ಲಿ, ಹೊಟ್ಟೆಯ ಎರಡು ಭಾಗವನ್ನು ಅನ್ನಕ್ಕೂ ಒಂದನ್ನು ನೀರಿಗೂ ಕೊಟ್ಟು ನಾಲ್ಕನೆಯದನ್ನು ವಾಯುವಿಗಾಗಿ ಬರಿದೇ ಬಿಡಬೇಕೆಂದಿರುವನು. ಹಿಂದಿನವರು ಹೋಳಿಗೆ ಉಂಡರೂ ಹೊಲಕ್ಕೆ ನಡೆದರು. ತೇರಿಗೂ ಅನೇಕರು ನಡೆದೇ ಬಂದರು. ಇಂದಿನವರು ಹೋಳಿಗೆಯನ್ನು ಉಳಿಸಿಕೊಂಡು ನಡಿಗೆಯನ್ನು ಬಿಟ್ಟರು. ಹಬ್ಬವು ಕೆಡಲಿಲ್ಲ, ಅರ್ಧವಾಯಿತು, ಅಷ್ಟೇ.

ಆ ಬಿಟ್ಟ ಅರ್ಧವನ್ನು ಕೂಡಿಸಿಕೊಳ್ಳುವುದು ಕಷ್ಟವಲ್ಲ. ಬಾದಾಮಿಯಿಂದ ಗುಡಿಗೆ ಸುಮಾರು 5 ಕಿಲೋಮೀಟರು, ಶಕ್ತಿಯಿದ್ದವರು ನಡೆಯಬಹುದು. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗೆ ಜಾತ್ರೆಯೇ ಆರಂಭವಾಗಲಿ. ಊಟದ ಆದಿಯಲ್ಲಿ ಪಲ್ಯ, ಕಾಳು, ರೊಟ್ಟಿ. ಸಿಹಿಯು ಕೊನೆಗೆ, ರುಚಿಗೆ ತಕ್ಕಷ್ಟು. ಬೆಲ್ಲವು ಸಕ್ಕರೆಯಲ್ಲವೆಂಬ ಭ್ರಮೆ ಬೇಡ; ಮಧುಮೇಹಿಗೆ ಎರಡೂ ಒಂದೇ. ಅಮೀನಗಡದ ಕರದಂಟು ಪುಷ್ಟಿಕರವೆಂಬುದು ನಿಜ. ಪುಷ್ಟಿಯಾದುದರಿಂದಲೇ ಒಂದು ತುಣುಕು ಸಾಲುವುದು. ನಾಟಕ ನೋಡುತ್ತ ಒಂದು ರಾತ್ರಿ ನಿದ್ದೆಗೆಟ್ಟವರು ಮರುದಿನವೂ ಕೆಡಬಾರದು. ಆಹಾರದಂತೆ ನಿದ್ರೆಯೂ ದೇಹಕ್ಕೆ ಆಧಾರಸ್ತಂಭವೆಂದು ಶಾಸ್ತ್ರವಿದೆ. ಹೆಚ್ಚು ಉಂಡುದಕ್ಕೆ ಪ್ರಾಯಶ್ಚಿತ್ತವೆಂದು ಮಧುಮೇಹಿಗಳು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಬರಿಹೊಟ್ಟೆಯಲ್ಲಿ ಔಷಧವನ್ನು ತೆಗೆದುಕೊಂಡರೆ ಸಕ್ಕರೆಯು ವಿಪರೀತ ಇಳಿದು ಪ್ರಾಣಕ್ಕೆ ಬರಬಹುದು.

ಇವೆಲ್ಲವೂ ಉಣ್ಣುವವರ ಧರ್ಮ. ಉಣಿಸುವವರಿಗೂ ಒಂದು ಧರ್ಮವುಂಟು: ಅತಿಥಿಯು ಸಾಕೆಂದಾಗ ಕೈ ಹಿಂತೆಗೆಯುವುದು. ಅತಿಥಿಯನ್ನು ದೇವರೆಂದ ಬಳಿಕ ದೇವರ ಮಾತನ್ನು ಕೇಳಬೇಡವೇ? ಬಲವಂತದ ಒಂದು ಹೋಳಿಗೆಗಿಂತ ಆ ಅತಿಥಿಯು ಮುಂದಿನ ವರುಷವೂ ಬಂದು ಪಂಕ್ತಿಯಲ್ಲಿ ಕೂಡುವುದು ಹೆಚ್ಚಿನ ಸಂಭ್ರಮ.

ಇಳಕಲ್ಲಿನ ವೃದ್ಧರು ಆ ವರುಷದಿಂದ ತೇರನ್ನು ತಪ್ಪಿಸಿಲ್ಲ. ಬೀಗರ ಮನೆಗೂ ಹೋಗುತ್ತಾರೆ. ಅಲ್ಲಿಯ ಗೃಹಿಣಿಯು ಈಗ ಅವರ ಎಲೆಗೆ ಮೊದಲು ಪಲ್ಯಗಳನ್ನು ಬಡಿಸಿ, ಹೋಳಿಗೆಯ ಕಾಲುಭಾಗವನ್ನು ಮುರಿದಿಟ್ಟು, “ಸಾಕಲ್ಲರೀ?” ಎಂದು ಕೇಳುವಳು. “ಸಾಕ್ರೆವ್ವಾ” ಎನ್ನುವರು ಅವರು. ಇಬ್ಬರಿಗೂ ತೃಪ್ತಿಯಾಗುವುದು.